ಬೋಗುಣಿಯೊಳಗಿನ ಬೆಳಕು

ಹಾವೇರಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಕ್ಷತ್ರಗಳ ಫೋಟೋ ತೆಗೆಯಲೆಂದು ವಿದ್ಯಾರ್ಥಿಗಳಿಗೆ ಒಂದು ಅಗ್ಗದ ಕ್ಯಾಮೆರಾ ಸೆನ್ಸರ್ ತರಿಸಿದ್ದೆವು. ಅದು ಎಷ್ಟು ಮಂದ ಬೆಳಕನ್ನು ಗುರುತಿಸುತ್ತದೆಂದು ಮೊದಲು ಪರೀಕ್ಷಿಸಬೇಕಿತ್ತು. ಅದಕ್ಕೆ ಬೆಳಕನ್ನು ಎಲ್ಲ ಕಡೆ ಸಮನಾಗಿ ಹರಡುವ, ಒಳಗೆಲ್ಲ ಬಿಳುಪಾದ ಗೋಳ ಬೇಕು. ಅದರ ಬೆಲೆ ಕೇಳಿ ಪ್ರಾಂಶುಪಾಲರು ಬಹಳ ಹೊತ್ತು ನಕ್ಕರು.

ನಾನೂ ಎಲೆಕ್ಟ್ರಾನಿಕ್ಸ್ ಕಲಿಸುವ ಸಹೋದ್ಯೋಗಿಯೂ ರಾಣೆಬೆನ್ನೂರಿನ ಪಾತ್ರೆ ಅಂಗಡಿಗೆ ಹೋಗಿ, ಗುಂಡನೆಯ ಬೋಗುಣಿಗಳನ್ನು ಬಾಯಿಗೆ ಬಾಯಿ ಹಚ್ಚಿ, ಗೋಳವಾಗುತ್ತದೆಯೇ ಎಂದು ನೋಡತೊಡಗಿದೆವು. ಎಷ್ಟು ಮಂದಿಯ ಅಡುಗೆ ಎಂದು ಅಂಗಡಿಯವರು ಕೇಳಿದರು.

"ಅಡಿಗಿಗಲ್ಲರಿ, ಒಳಗ ಬೆಳಕು ಬಿಡಾಕ," ಎಂದರು ಸಹೋದ್ಯೋಗಿ.

ಅಂಗಡಿಯವರು ಸ್ವಲ್ಪ ಯೋಚಿಸಿ, "ಹಂಗಾರ ಮುಚ್ಚಳ ಬ್ಯಾಡೇನ್ರಿ?" ಎಂದರು.

ಎರಡು ಬೋಗುಣಿಗಳ ಒಳಗೆ ಬಿಳಿ ಬಣ್ಣ ಬಳಿದು, ಪುಟ್ಟ ಬಲ್ಬಿಗೊಂದು, ಸೆನ್ಸರಿಗೊಂದು ತೂತು ಕೊರೆದು ಜೋಡಿಸಿದೆವು. ಇನ್ನು ಪೂರ್ತಿ ಕತ್ತಲೆ ಬೇಕಿತ್ತು. ಬ್ಯಾಡಗಿಯಲ್ಲಿ ನನ್ನ ಸೋದರಮಾವನ ಕೋಲ್ಡ್ ಸ್ಟೋರೇಜ್ ಇದೆ. ಮೆಣಸಿನಕಾಯಿ ಚೀಲಗಳನ್ನಿಡುವ ಆ ಕೋಣೆಗೆ ಕಿಟಕಿಯೇ ಇಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ನಮ್ಮ ಮೂಗುಗಳಿಗೆ ಅದು ಗೊತ್ತಿರಲಿಲ್ಲ.

ಮಾವ ದೀಪ ಆರಿಸಿ, ಬಾಗಿಲು ಹಾಕಿ ನಮ್ಮ ಜೊತೆ ಒಳಗೇ ಉಳಿದರು. ಲ್ಯಾಪ್‌ಟಾಪಿನ ಬೆಳಕು ಹೊರಬರಬಾರದೆಂದು ಸಹೋದ್ಯೋಗಿ ಕಂಬಳಿ ಹೊದ್ದು ಕುಳಿತು, ಒಳಗಿನಿಂದಲೇ ಸೀನುತ್ತಾ ಅಂಕಿಗಳನ್ನು ಓದಿದರು. ಬಲ್ಬು ಹಚ್ಚುವ ಮೊದಲು ಏನೂ ಕಾಣಿಸಬಾರದು. ಆದರೆ ಸೆನ್ಸರ್ ಬೆಳಕಿದೆ ಎನ್ನುತ್ತಿತ್ತು; ಮರುಕ್ಷಣ ಇಲ್ಲ, ಮತ್ತೆ ಇದೆ. ವೈರು ಬದಲಿಸಿದರೂ ಅದೇ ಹಾಡು. ಸೆನ್ಸರ್ ಕೆಟ್ಟಿದೆ ಎಂದು ಕಂಬಳಿ ತೀರ್ಪು ಕೊಟ್ಟಿತು. ನನಗೆ ಅಳುವೇ ಬಂತು; ಮೆಣಸಿನ ಘಾಟಿಗೆ ಕಣ್ಣೀರು ಮೊದಲೇ ಬಂದಿತ್ತು.

ಅಷ್ಟರಲ್ಲಿ ಬೋಗುಣಿಯ ಪಕ್ಕ ಒಂದು ನೀಲಿ ಚುಕ್ಕೆ ಮಿಣುಕಿದ್ದು ಕಂಡಿತು. ಒಳಗೇನು ನಡೆದಿದೆ ಕೇಳೋಣವೆಂದು ಮಾವ ಬೋಗುಣಿಗೆ ಕಿವಿಗೊಟ್ಟು ನಿಂತಿದ್ದರು. ಆ ಕಿವಿಯಲ್ಲಿ ಅವರ ಬ್ಲೂಟೂತ್. ಅದರ ಬೆಳಕು ಬೋಗುಣಿಗಳ ಸಂದಿನಿಂದ ಒಳಗೆ ಹೋಗುತ್ತಿತ್ತು.

ವಿಷಯ ತಿಳಿಸಿದಾಗ ಮಾವನಿಗೆ ಬೇಸರವೇನೂ ಆಗಲಿಲ್ಲ. "ನನ್ನ ಕಿವ್ಯಾಗಿಂದೂ ಬಿಡಲಿಲ್ಲಂದ್ರ, ನಿನ್ನ ಕ್ಯಾಮೆರಾ ಚಲೋ ಐತಿ ಬಿಡವಾ," ಎಂದರು.

ಸಂದಿಗೆ ಕರಿ ಟೇಪು ಸುತ್ತಿ, ಮಾವನನ್ನು ಬಾಗಿಲ ಕಾವಲಿಗೆ ಕಳಿಸಿ, ಬಲ್ಬಿನ ಬೆಳಕನ್ನು ಮೆಲ್ಲಗೆ ಏರಿಸುತ್ತಾ ಹೋದೆವು. ಅಂಕಿಗಳು ಗೆರೆ ಎಳೆದಂತೆ ನೇರವಾಗಿ ಏರಿದವು. ಹಾವೇರಿಗೆ ಮರಳುವ ಬಸ್ಸಿನಲ್ಲಿ, ನಮ್ಮ ಬಟ್ಟೆಯ ಘಾಟಿಗೆ ಅಕ್ಕಪಕ್ಕದವರೆಲ್ಲ ಸೀನುತ್ತಾ ಎದ್ದುಹೋದರು. ಖಾಲಿ ಸೀಟುಗಳ ನಡುವೆ ಆರಾಮಾಗಿ ಕುಳಿತು, ಲ್ಯಾಪ್‌ಟಾಪಿನಲ್ಲಿ ಆ ಅಂಕಿಗಳ ಗೆರೆಯನ್ನು ನೋಡುತ್ತಾ ಬಂದೆವು.