ಗಿರಣಿ ಶುರುವಾದಾಗ ನಾನು ಮರದ ಮೇಲಿದ್ದೆ

ಗೆಳೆಯರೇ, ಇವತ್ತು ಹಿರೇಕೆರೂರಿನಲ್ಲಿ ಬೇವಿನ ಮರ ಹತ್ತಿದ್ದೆ. ಕರೆಂಟಿನ ತಂತಿಗೆ ತಾಗುವ ಕೊಂಬೆ ಕಡಿಸಿ ಎಂದು ವರ್ಷವಿಡೀ ಅರ್ಜಿ ಕೊಟ್ಟವರು ಮರದ ಕೆಳಗಿನ ಹಿಟ್ಟಿನ ಗಿರಣಿಯವರೇ. ಲೈನ್‌ಮನ್ ಕರೆಂಟ್ ತೆಗೆದ ಮೇಲೆಯೇ ನಾನು ಹತ್ತಿದ್ದು. ಸಣ್ಣ ಕೊಂಬೆಗಳನ್ನು ಕೊಯ್ದು ಮುಗಿಸಿದ್ದೆ. ದೊಡ್ಡದು ಗಿರಣಿಯ ತಗಡಿನ ಮೇಲೆ ಬೀಳಬಾರದೆಂದು ಗರಗಸ ನಿಲ್ಲಿಸಿ ಅದಕ್ಕೆ ಹಗ್ಗ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಕೆಳಗೆ ಗಿರಣಿ ಗಡಗಡ ಎಂದು ಶುರುವಾಯಿತು. ತಂತಿಗೂ ನನ್ನ ಮೊಣಕೈಗೂ ಒಂದು ಗೇಣು ಅಂತರ. ಕೂಗಿದೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕಾಂಡ ಅಪ್ಪಿಕೊಂಡು ಇಳಿದೆ.

"ಕೊಯ್ಯೋ ಸಪ್ಪಳ ನಿಂತಿತ್ತರಿ. ನೀವು ಇಳದ್ರಿ ಅಂತ ತಿಳದು ಲೈನ್‌ಮನ್‌ಗೆ ನಾನ ಫೋನ್ ಮಾಡಿ ಕರೆಂಟ್ ಹಾಕಸಿದೆ," ಅಂದರು ಗಿರಣಿಯವರು.

"ಒಂದ್ಸಲ ಮ್ಯಾಲ ನೋಡಾಕ ಏನಾಗಿತ್ರಿ?" ಅಂದೆ.

"ಮಂದಿ ಜ್ವಾಳದ ಡಬ್ಬಿ ಹಿಡ್ಕೊಂಡು ಕಾಯಾಕತ್ತಿದ್ರು. ನಿಮಗೇನೂ ಆಗಿಲ್ಲಲ್ರಿ. ಅದಿರ್ಲಿ, ಹಗ್ಗ ಗಟ್ಟಿ ಕಟ್ಟೀರಿಲ್ಲೊ? ಟೊಂಗಿ ನಮ್ಮ ತಗಡಿನ ಮ್ಯಾಲ ಬಿದ್ದೀತು."

ನಾಳೆ ಮತ್ತೆ ಅದೇ ಮರ ಹತ್ತಬೇಕು. ಮೊದಲು ಅವರ ಫೋನ್ ಇಸಿದುಕೊಂಡು ನನ್ನ ಕಿಸೆಗೆ ಹಾಕಿಕೊಳ್ಳುತ್ತೇನೆ. ಗರಗಸ, ಹಗ್ಗ ಎಲ್ಲ ಆಮೇಲೆ.