ಹಗ್ಗ ಹಿಡಿಯುವವರು

ಆ ಹಾಯಿದೋಣಿಯನ್ನು ಬಾಡಿಗೆಗೆ ಪಡೆಯಲು ಎರಡು ಸಹಿ ಬೇಕಿತ್ತು. ಒಂದು ದೋಣಿ ನಡೆಸುವವನದು, ಇನ್ನೊಂದು ಅವನಿಗೆ ನೆರವಾಗಬಲ್ಲ, ಸ್ವಲ್ಪವಾದರೂ ತರಬೇತಿ ಪಡೆದ ಮತ್ತೊಬ್ಬರದು. ಮೊದಲನೆಯದು ನನ್ನ ಅಣ್ಣನ ಸಹಿ. ಎರಡನೆಯದು ನನ್ನದು. ಗ್ರೀಸಿನ ಬಂದರೊಂದರಲ್ಲಿ, ಬಿಸಿಲಿಗೆ ಕಾದ ತಗಡಿನ ಕಚೇರಿಯಲ್ಲಿ ನಾನು ಪೆನ್ನು ತೆಗೆದುಕೊಂಡಾಗ ಅತ್ತಿಗೆ ಬಾಗಿಲ ಬಳಿ ಬ್ಯಾಗುಗಳನ್ನು ಕಾಯುತ್ತ ನಿಂತಿದ್ದಳು. ನಾನು ಸಹಿ ಹಾಕದಿದ್ದರೆ ಮೂವರೂ ಯಾವುದಾದರೂ ಹೋಟೆಲಿನಲ್ಲಿ ಐದು ದಿನ ಕಳೆದು ವಾಪಸಾಗುತ್ತಿದ್ದೆವು. ಅಣ್ಣ ಸಿಟ್ಟಾಗುತ್ತಿದ್ದ. ಆ ಸಿಟ್ಟು ಯಾರ ಮೇಲೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಸಹಿ ಹಾಕಿದೆ.

ಅಣ್ಣ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಸಮುದ್ರ ಕಾಣುವ ಫ್ಲ್ಯಾಟಿನಲ್ಲಿದ್ದ. ನಾನು ಇರುವುದು ದುಬೈನ ಅಲ್ ನಹ್ದಾದಲ್ಲಿ, ಇನ್ನಿಬ್ಬರು ಹುಡುಗಿಯರ ಜೊತೆ. ಕೆಲಸ ಸಿಲಿಕಾನ್ ಓಯಸಿಸ್‌ನ ಒಂದು ಆಫೀಸಿನಲ್ಲಿ. ಎರಡು ವಾರಕ್ಕೊಮ್ಮೆ ಬಸ್ಸು ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಅತ್ತಿಗೆ ಮೈಸೂರಿನವಳು, ನನಗಿಂತ ಎರಡು ವರ್ಷ ದೊಡ್ಡವಳು. ನಮ್ಮ ತುಳು ಅವಳಿಗೆ ಅರ್ಧಂಬರ್ಧ ಗೊತ್ತು. ನಾನು ಹೋದ ದಿನ ಅವಳು ಹೆಚ್ಚು ಮಾತನಾಡುತ್ತಿದ್ದಳು, ಅಣ್ಣ ಕಡಿಮೆ ಕೂಗುತ್ತಿದ್ದ. ಆದರೂ ಕೂಗುತ್ತಿದ್ದ. ಒಳಗಿನ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಏನೋ ಗೋಡೆಗೆ ಬಡಿದ ಸದ್ದು ಬಂದರೆ ನಾನು ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕುತ್ತಿದ್ದೆ. ರುಬ್ಬಲು ಏನೂ ಇರದಿದ್ದರೆ ಒಂದು ಹಿಡಿ ಕಾಯಿತುರಿ ಹಾಕಿ ತಿರುಗಿಸುತ್ತಿದ್ದೆ. ಪಕ್ಕದ ಮನೆಯವರಿಗೆ ಕೇಳಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅತ್ತಿಗೆಯ ವೀಸಾ ಅಣ್ಣನ ಹೆಸರಿನಲ್ಲಿತ್ತು. ಯಾರಾದರೂ ಪೊಲೀಸರಿಗೆ ಹೇಳಿದರೆ ಅವನ ಕೆಲಸ ಹೋಗುತ್ತದೆ, ಅವಳ ವೀಸಾ ಹೋಗುತ್ತದೆ, ಖಲಾಸ್. ಈ ಲೆಕ್ಕಾಚಾರವನ್ನು ಯಾರೂ ನನಗೆ ಕಲಿಸಿರಲಿಲ್ಲ. ಇಲ್ಲಿ ಎಲ್ಲರಿಗೂ ಅದು ತಾನಾಗಿ ಬರುತ್ತದೆ.

ಹಾಯಿದೋಣಿಯ ಹುಚ್ಚು ಅಣ್ಣನಿಗೆ ಹಿಡಿದದ್ದು ಕಂಪನಿಯ ಮೇಲಧಿಕಾರಿಯೊಬ್ಬ ಅವನನ್ನು ಒಮ್ಮೆ ತನ್ನ ದೋಣಿಯಲ್ಲಿ ಕರೆದುಕೊಂಡು ಹೋದ ಮೇಲೆ. ಎರಡು ಚಳಿಗಾಲ ಅಬುಧಾಬಿಯಲ್ಲಿ ತರಬೇತಿ ಪಡೆದು ಸರ್ಟಿಫಿಕೇಟ್ ತೆಗೆದುಕೊಂಡ. ಗ್ರೀಸಿನ ಯೋಜನೆ ಹಾಕಿದಾಗ ನನ್ನನ್ನೂ ಐದು ದಿನದ ಕೋರ್ಸಿಗೆ ಸೇರಿಸಿದ. ಅತ್ತಿಗೆ ಬರುವುದಿಲ್ಲ ಎಂದಿದ್ದಳಂತೆ. ಆಮೇಲೆ ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದಳು.

"ನೀನು ಖಂಡಿತ ಬರ್ತೀಯಾ?" ಎಂದು ಕೇಳಿದಳು.

ಬರುತ್ತೇನೆ ಎಂದೆ.

"ಕೊನೆ ತನಕ ದೋಣೀಲೇ ಇರ್ತೀಯಲ್ವಾ? ಮಧ್ಯದಲ್ಲಿ ಇಳಿದು ಹೋಗಲ್ಲ ತಾನೆ? ಹಾಗಾದ್ರೆ ನಾನೂ ಬರ್ತೀನಿ."

ಅವಳು ಕೇಳುತ್ತಿದ್ದುದು ಏನು ಎಂಬುದು ನನಗೆ ಅರ್ಥವಾಗಿತ್ತು. ಹತ್ತು ಮೀಟರ್ ಉದ್ದದ ದೋಣಿಯಲ್ಲಿ ಮುಚ್ಚಿಕೊಳ್ಳಲು ಗಟ್ಟಿ ಬಾಗಿಲಿರುವುದಿಲ್ಲ. ತಂಗಿಯ ಕಣ್ಣೆದುರು ಅವನು ಕೈ ಎತ್ತಲಾರ ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಎರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಆ ನಂಬಿಕೆ ಮುಗಿಯಿತು. ಬೇಸಿಗೆಯಲ್ಲಿ ಆ ದ್ವೀಪಗಳ ನಡುವೆ ಬಡಗಣ ಗಾಳಿ ದಿನಗಟ್ಟಲೆ ಬೀಸುತ್ತದೆ. ಆಕಾಶದಲ್ಲಿ ಮೋಡವಿರುವುದಿಲ್ಲ, ಬಿಸಿಲು ನಿಚ್ಚಳವಾಗಿರುತ್ತದೆ, ಅದರ ಕೆಳಗೆ ಕಡಲು ಕುದಿಯುತ್ತಿರುತ್ತದೆ. ಅಬುಧಾಬಿಯ ಮಂದ, ಉಗುರುಬೆಚ್ಚನೆಯ ನೀರಿನಲ್ಲಿ ಕಲಿತ ನಮಗೆ ಅಂಥದ್ದು ಗೊತ್ತಿರಲಿಲ್ಲ. ದೋಣಿ ಒಂದು ಮಗ್ಗುಲಿಗೆ ಬಿದ್ದುಕೊಂಡೇ ಓಡುತ್ತಿತ್ತು. ಅಲೆಗಳು ಮುಂಭಾಗಕ್ಕೆ ಅಪ್ಪಳಿಸಿ ನಮ್ಮ ಮುಖಕ್ಕೆ ಬಡಿಯುತ್ತಿದ್ದವು. ಕೆಳಗಿನ ಕಪಾಟು ತೆರೆದುಕೊಂಡು ತಟ್ಟೆಗಳೆಲ್ಲ ನೆಲಕ್ಕೆ ಬಿದ್ದು ಚೂರಾದವು. ಮುಂದಿನ ಹಾಯಿಯ ಹಗ್ಗ ಅತ್ತಿಗೆಯ ಕೈಯಲ್ಲಿತ್ತು. ಅಣ್ಣ ಬಿಡು ಎಂದಾಗ ಅವಳು ಒಂದು ಕ್ಷಣ ತಡಮಾಡಿದಳು, ಆಮೇಲೆ ಪೂರ್ತಿ ಬಿಟ್ಟುಬಿಟ್ಟಳು. ಹಗ್ಗ ಅವಳ ಅಂಗೈ ಸುಲಿದುಕೊಂಡು ಹೋಯಿತು. ಹಾಯಿ ಗುಂಡು ಹಾರಿಸಿದಂತೆ ಸದ್ದು ಮಾಡುತ್ತ ಬಡಿದಾಡತೊಡಗಿತು. ಅಣ್ಣ ಚುಕ್ಕಾಣಿಯ ಚಕ್ರದ ಹಿಂದಿನಿಂದ ಬಾಗಿ ಅವಳ ಕೆನ್ನೆಗೆ ಹೊಡೆದ. ಬೀಸಿ ಹೊಡೆದ ಏಟು. ಅವಳ ತಲೆ ಹಿಂದಿದ್ದ ಕಂಬಿಗೆ ತಾಗಿತು.

ನಾನು ಮೂರು ಅಡಿ ದೂರದಲ್ಲಿ ಕೂತಿದ್ದೆ. ಎದ್ದು, ಮೆಟ್ಟಿಲಿಳಿದು, ಕೆಳಗೆ ಹೋಗಿ ಒಡೆದ ತಟ್ಟೆಗಳ ಚೂರುಗಳನ್ನು ಆರಿಸಿದೆ. ಒಂದೊಂದಾಗಿ, ಬಹಳ ಜಾಗ್ರತೆಯಿಂದ. ಮೇಲೆ ಬರುವ ಹೊತ್ತಿಗೆ ಅತ್ತಿಗೆ ಅಂಗೈಗೆ ಟವೆಲ್ ಸುತ್ತಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ.

ನಾವು ಹೊರಟಿದ್ದ ದ್ವೀಪ ಮಧ್ಯಾಹ್ನ ಕಂಡಿತು: ಬೋಳು ಬೆಟ್ಟ, ಅದರ ಬುಡದಲ್ಲಿ ಸುಣ್ಣ ಬಳಿದ ಮನೆಗಳು, ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಊಟದ ಮೇಜುಗಳು, ಜನ. ಅಲ್ಲಿನ ಕ್ರಮದಲ್ಲಿ ದೋಣಿಯನ್ನು ಹಿಮ್ಮುಖವಾಗಿ ಕಟ್ಟೆಗೆ ತರಬೇಕು. ದೂರದಲ್ಲೇ ಲಂಗರು ಹಾಕಿ, ರಿವರ್ಸಿನಲ್ಲಿ ಬಂದು, ಹಿಂಭಾಗದ ಎರಡು ಹಗ್ಗಗಳನ್ನು ದಡದ ಕಬ್ಬಿಣದ ಬಳೆಗಳಿಗೆ ಕಟ್ಟಬೇಕು.

ಅಬುಧಾಬಿಯಲ್ಲಿ ನಾವು ಕಲಿತದ್ದು ಬೇರೆ. ಅಲ್ಲಿನ ಮರೀನಾದಲ್ಲಿ ದೋಣಿ ಬರುತ್ತಿರುವುದು ಕಂಡರೆ ಸಾಕು, ನೀಲಿ ಅಂಗಿಯ ಇಬ್ಬರು ನೇಪಾಳಿಗಳೋ ಮಲಯಾಳಿಗಳೋ ಓಡಿ ಬಂದು ನಿಲ್ಲುತ್ತಾರೆ. ಹಗ್ಗವನ್ನು ಅವರ ಕಡೆ ಎಸೆದರೆ ಆಯಿತು. ಅವರೇ ಹಿಡಿದು, ಎಳೆದು, ಕಟ್ಟಿ, ಗುಡ್ ಮಾರ್ನಿಂಗ್ ಸರ್ ಎನ್ನುತ್ತಾರೆ. ಎರಡು ಚಳಿಗಾಲದಲ್ಲಿ ಅಣ್ಣ ಒಮ್ಮೆಯೂ ತಾನೇ ದಡಕ್ಕೆ ಇಳಿದು ಹಗ್ಗ ಕಟ್ಟಿದ್ದನ್ನು ನಾನು ಕಾಣೆ. ನಾನೂ ಕಟ್ಟಿಲ್ಲ. ಪೆಟ್ರೋಲ್ ಹಾಕುವವರು, ಸಾಮಾನು ಚೀಲಕ್ಕೆ ತುಂಬುವವರು, ಕಾರು ತೊಳೆಯುವವರು ಎಲ್ಲ ಕಡೆ ಇರುವ ಊರಿನಲ್ಲಿ ಹತ್ತು ವರ್ಷ ಬದುಕಿದವನಿಗೆ, ಎಸೆದ ಹಗ್ಗವನ್ನು ಯಾರೂ ಹಿಡಿಯದೆ ಇರಬಹುದು ಎಂಬ ಯೋಚನೆ ಬರುವುದೇ ಇಲ್ಲ.

ನಾನು ಮುಂಭಾಗದಲ್ಲಿ ಲಂಗರು ಇಳಿಸಿ ಹಿಂದಕ್ಕೆ ಬಂದೆ. ಅಡ್ಡಗಾಳಿ ದೋಣಿಯನ್ನು ಎಡಕ್ಕೆ ತಳ್ಳುತ್ತಿತ್ತು. ಕಟ್ಟೆ ಸಮೀಪಿಸಿದಾಗ ಅಣ್ಣ ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಿಂದ ಹಗ್ಗ ಎಸೆದ. ದಡದಲ್ಲಿ ಮೇಜಿನ ಮುಂದೆ ಕುಳಿತಿದ್ದ ದಪ್ಪ ಮನುಷ್ಯನೊಬ್ಬನ ಕಾಲ ಬಳಿ ಅದು ಬಿತ್ತು. ಅವನು ಬಾಯಲ್ಲಿದ್ದುದನ್ನು ಅಗಿಯುತ್ತ ಹಗ್ಗವನ್ನು ನೋಡಿದ. ಹಗ್ಗ ಜಾರಿ ನೀರಿಗೆ ಬಿತ್ತು.

"ಯಲ್ಲಾ, ಯಲ್ಲಾ! ರಸ್ಸಿ ಪಕಡೋ!" ಹಗ್ಗ ಹಿಡಿ ಎಂದು ಅಣ್ಣ ಗಲ್ಫಿನ ಹಿಂದಿಯಲ್ಲಿ ಕೂಗಿದ. ಹಗ್ಗವನ್ನು ಎಳೆದುಕೊಂಡು ಮತ್ತೆ ಎಸೆದ. ಮತ್ತೆ ಅದೇ ಆಯಿತು. ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು. ಅವನ ಕುತ್ತಿಗೆ ಕೆಂಪಾದದ್ದನ್ನು ನಾನು ಕಂಡೆ. ಆ ಬಣ್ಣ ನನಗೂ ಅತ್ತಿಗೆಗೂ ಪರಿಚಿತ.

"ಹಾರು," ಎಂದು ಅವಳಿಗೆ ಹೇಳಿದ.

ನಡುವೆ ಒಂದೂವರೆ ಮೀಟರ್ ನೀರಿತ್ತು. ದೋಣಿ ಏಳುತ್ತ ಬೀಳುತ್ತ ಇತ್ತು. ದೂರ ಇದೆ, ಆಗಲ್ಲ ಎಂದಳು ಅತ್ತಿಗೆ.

"ಎಂತ ಆಗುದಿಲ್ಲ? ಊರಿಡೀ ನೋಡ್ತಾ ಉಂಟು. ಹಾರು ಮಾರಾಯ್ತಿ!"

ಅವಳು ಕಂಬಿ ಬಿಡಲಿಲ್ಲ. ಅವನು ಅವಳ ಬೆರಳುಗಳನ್ನು ಬಿಡಿಸಿ, ಎರಡು ಭುಜಗಳ ನಡುವೆ ಕೈಯಿಟ್ಟು ನೂಕಿದ.

ಅವಳ ಎದೆ ಕಲ್ಲಿನ ಅಂಚಿಗೆ ಬಡಿಯಿತು. ಅದರ ಸದ್ದು ಗಾಳಿಯ ನಡುವೆಯೂ ಕೇಳಿಸಿತು. ಎರಡೂ ಕೈಯಿಂದ ಕಬ್ಬಿಣದ ಬಳೆಯೊಂದನ್ನು ಹಿಡಿದು ಅವಳು ಸೊಂಟದವರೆಗೆ ಕಟ್ಟೆಯ ಮೇಲೆ, ಕಾಲುಗಳು ಕೆಳಗೆ, ಹಾಗೆ ನೇತಾಡಿದಳು. ದೋಣಿ ಇನ್ನೂ ರಿವರ್ಸಿನಲ್ಲೇ ಇತ್ತು. ಹಿಂದಕ್ಕೆ ಬಂದು ಅವಳ ಬಲಗಾಲನ್ನು ಕಲ್ಲಿಗೆ ಒತ್ತಿತು. ಅವಳು ಕಿರುಚಿದ್ದು ಆಗ. ಅಲೆ ದೋಣಿಯನ್ನು ಸ್ವಲ್ಪ ಎತ್ತಿತು, ಕಾಲು ಬಿಡಿಸಿಕೊಂಡಿತು, ದೋಣಿ ಮತ್ತೆ ಅವಳ ಕಡೆ ಬರತೊಡಗಿತು. ಈ ಸಲ ಅವಳ ಸೊಂಟದ ಎತ್ತರಕ್ಕೆ.

ಮುಂದಕ್ಕೆ ಹಾಕು ಎಂದು ನಾನು ಅಣ್ಣನಿಗೆ ಕೂಗಿದೆ. ಎಂಜಿನ್ನಿನ ಹಿಡಿಕೆ ಅವನ ಕೈಯಲ್ಲೇ ಇತ್ತು. ಅವನು ಹೆಂಡತಿಯ ಕಡೆ ನೋಡುತ್ತಿರಲಿಲ್ಲ. ಮೇಜಿನ ಮುಂದೆ ಕೂತ ಆ ಮನುಷ್ಯನನ್ನು ಹಿಂದಿಯಲ್ಲಿ ಬೈಯುತ್ತಿದ್ದ.

ಹಗ್ಗ ಬಿಗಿಯುವ ರಾಟೆಗೆ ಒಂದು ಉಕ್ಕಿನ ಹಿಡಿ ಇರುತ್ತದೆ, ಗೇಣಿಗಿಂತ ಸ್ವಲ್ಪ ಉದ್ದದ್ದು. ಅದನ್ನು ತೆಗೆದುಕೊಂಡು ಅವನ ಕೈಯ ಮೇಲೆ ಹೊಡೆದೆ. ಅವನು ಬಿಡಲಿಲ್ಲ, ನನ್ನ ಕಡೆ ತಿರುಗಿದ. ಎರಡನೆಯ ಸಲ ಇನ್ನೂ ಜೋರಾಗಿ ಹೊಡೆದೆ. ಬೆರಳಿನ ಮೂಳೆ ಮುರಿದದ್ದು ಹಿಡಿಯ ಮೂಲಕ ನನ್ನ ಅಂಗೈಗೆ ತಿಳಿಯಿತು. ಎಂಜಿನ್ ಹಿಡಿಕೆಯನ್ನು ನಾನೇ ಮುಂದಕ್ಕೆ ದೂಡಿದೆ. ದೋಣಿ ನಡುಗಿ, ನಿಂತು, ಮುಂದಕ್ಕೆ ಹೊರಟಿತು. ಆ ದಪ್ಪ ಮನುಷ್ಯ ಕುರ್ಚಿ ಬೀಳಿಸಿಕೊಂಡು ಎದ್ದು ಓಡಿ ಬಂದು ಅತ್ತಿಗೆಯನ್ನು ಕಂಕುಳಿಗೆ ಕೈಹಾಕಿ ಮೇಲಕ್ಕೆಳೆದ.

ಅಣ್ಣನ ಮೇಲೆ ಕೈ ಎತ್ತಿದವಳು ಎಂದು ಅಮ್ಮ ಉಡುಪಿಯಿಂದ ಫೋನಿನಲ್ಲಿ ಈಗಲೂ ಹೇಳುವುದುಂಟು. ಎರಡನೆಯ ಏಟು ಅಗತ್ಯವಿತ್ತೇ ಎಂದು ಒಮ್ಮೆ ಕೇಳಿದಳು. ಇತ್ತು ಎಂದೆ. ಆದರೆ ಹೊಡೆಯುವಾಗ ನನಗೆ ಬರೀ ಎಂಜಿನ್ನಿನ ಯೋಚನೆ ಇತ್ತು ಎಂದರೆ ಸುಳ್ಳಾಗುತ್ತದೆ.

ದ್ವೀಪದ ಆಸ್ಪತ್ರೆ ಎರಡು ಕೋಣೆಯದು. ಅತ್ತಿಗೆಯ ಹಿಮ್ಮಡಿಗಂಟು ಪುಡಿಯಾಗಿತ್ತು, ಎರಡು ಪಕ್ಕೆಲುಬು ಮುರಿದಿದ್ದವು. ಹೆಲಿಕಾಪ್ಟರಿನಲ್ಲಿ ಅಥೆನ್ಸಿಗೆ ಕಳಿಸುತ್ತೇವೆ ಎಂದರು. ಅದು ಬರುವ ಮೊದಲು ಬಂದರಿನ ಪೊಲೀಸ್ ಅಧಿಕಾರಿಯೊಬ್ಬಳು ಬಂದಳು, ನನ್ನದೇ ವಯಸ್ಸಿನವಳು. ಕುರ್ಚಿ ಎಳೆದುಕೊಂಡು ಇಂಗ್ಲಿಷಿನಲ್ಲಿ ಏನಾಯಿತು ಎಂದು ಕೇಳಿದಳು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೊರಗಿ ನಿಂತಿದ್ದ ಅಣ್ಣ ಉತ್ತರಿಸಿದ. ಗಾಳಿ ಜೋರಾಗಿತ್ತು, ಹೆಂಡತಿಗೆ ಅಭ್ಯಾಸವಿಲ್ಲ, ಹಾರಲು ಹೋಗಿ ಜಾರಿದಳು. ಅದೇ ಗಡಿಬಿಡಿಯಲ್ಲಿ ತನ್ನ ಕೈಗೂ ಪೆಟ್ಟಾಯಿತು. ಆಫೀಸಿನ ಮೀಟಿಂಗಿನಲ್ಲಿ ಮಾತನಾಡುವ ಹಾಗೆ, ನಯವಾಗಿ ಹೇಳಿದ. ಅಧಿಕಾರಿ ನನ್ನ ಕಡೆ ತಿರುಗಿದಳು. ದೋಣಿಯ ಬಾಡಿಗೆ ಕಾಗದದಲ್ಲಿ ಎರಡನೆಯ ಸಹಿ ನನ್ನದಾಗಿದ್ದರಿಂದ ನನ್ನ ಹೇಳಿಕೆಯೂ ಬೇಕು ಎಂದಳು.

"ಇಲ್ಲದ ಪಾತೆರ ಪಿದಾಯಿ ಪೋಯೆರೆ ಬಲ್ಲಿ," ಎಂದ ಅಣ್ಣ, ತುಳುವಿನಲ್ಲಿ, ದನಿ ಏರಿಸದೆ. ಮನೆಯ ಮಾತು ಹೊರಗೆ ಹೋಗಬಾರದು ಎಂದು.

ಅತ್ತಿಗೆ ಕಣ್ಣು ಮುಚ್ಚಿ ಮಲಗಿದ್ದಳು. ಅಷ್ಟು ತುಳು ಅವಳಿಗೂ ತಿಳಿಯುತ್ತದೆ.

ಅವನು ಅವಳನ್ನು ನೂಕಿದ ಎಂದೆ. ಅವಳು ಬೇಡ ಎಂದಿದ್ದಳು ಎಂದೆ. ಅವನ ಕೈ ಮುರಿದದ್ದು ನಾನು, ಎರಡು ಸಲ ಹೊಡೆದೆ ಎಂದೂ ಹೇಳಿದೆ. ಅಣ್ಣ ನನ್ನ ಕಡೆ ಒಂದು ಹೆಜ್ಜೆ ಬಂದ. ಅಧಿಕಾರಿ ಎದ್ದು ಬಾಗಿಲು ತೆರೆದು ಯಾರನ್ನೋ ಕರೆದಳು; ಇಬ್ಬರು ಬಂದು ಅವನನ್ನು ಹೊರಗಿನ ಬೆಂಚಿಗೆ ಕರೆದೊಯ್ದರು. ಅವನ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಆಮೇಲೆ ನಿಂತಿತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಅಧಿಕಾರಿ ಅತ್ತಿಗೆಯನ್ನು ಕೇಳಿದಳು. ಮನೆಗೆ ಅಲ್ಲ, ಎಂದಳು ಅತ್ತಿಗೆ. ಎಲ್ಲಿಗೆ ಎಂಬುದನ್ನು ಆಮೇಲೆ ನೋಡುತ್ತೇನೆ ಎಂದಳು. ವೀಸಾದ ಮಾತು ಅವಳು ಎತ್ತಲಿಲ್ಲ. ಎತ್ತುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಇದಕ್ಕೆ ಮೊದಲು ಹೀಗೆ ಆಗಿದೆಯೇ ಎಂದು ಅಧಿಕಾರಿ ಮತ್ತೆ ಕೇಳಿದಳು. ಅತ್ತಿಗೆ ಹೌದೆಂದು ತಲೆಯಾಡಿಸಿದಳು. ಪಕ್ಕೆ ನೋಯುತ್ತಿದ್ದುದರಿಂದ ಪ್ರತಿ ಮಾತಿಗೂ ಅವಳು ಉಸಿರು ಕೂಡಿಸಿಕೊಳ್ಳಬೇಕಿತ್ತು.

"ನೀನು ಹೇಳು," ಎಂದಳು ನನಗೆ, ಕನ್ನಡದಲ್ಲಿ. "ನಂಗೆ ಉಸಿರಾಡಕ್ಕೆ ಆಗ್ತಿಲ್ಲ. ನೀನು ಎಲ್ಲಾ ನೋಡಿದೀಯಲ್ಲ."

ಅಧಿಕಾರಿ ಹೊಸ ಹಾಳೆ ತೆಗೆದುಕೊಂಡಳು.

ಕಾರಿನಲ್ಲಿ ನಡೆದದ್ದರಿಂದ ಶುರು ಮಾಡಿದೆ. ದುಬೈಯಿಂದ ಅಬುಧಾಬಿಗೆ ಹೋಗುವಾಗ, ಘಂಟೂತ್ ದಾಟಿದ ಮೇಲೆ, ಓಡುವ ಕಾರಿನಲ್ಲೇ ಅಣ್ಣ ಅತ್ತಿಗೆಯ ಕೂದಲು ಹಿಡಿದು ಕಿಟಕಿಗೆ ಬಡಿದಿದ್ದ. ಹಿಂದಿನ ಸೀಟಿನಲ್ಲಿ ನಾನಿದ್ದೆ. ಒಂದು ಸಲ, ಎಂದೆ.

"ಎರಡು ಸಲ," ಎಂದಳು ಅತ್ತಿಗೆ. "ಎರಡನೇ ಸಲ ನೀನು ಫೋನ್ ನೋಡ್ತಿದ್ದೆ."

ಎರಡು ಸಲ ಎಂದು ನಾನು ಅಧಿಕಾರಿಗೆ ತಿದ್ದಿ ಹೇಳಿದೆ. ಅವಳು ಬರೆದುಕೊಂಡು, ಆಮೇಲೇನಾಯಿತು ಎಂದು ಕೇಳಿದಳು.