ಮಾರ್ಜಿನ್ ಬಿಟ್ಟ ದೋಣಿ

ರೂಪನಗುಡಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ಬದುಕುವವನಿಗೆ ದೋಣಿಯ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ನಮ್ಮ ಓಣಿಯಲ್ಲಿ ನಲ್ಲಿ ನೀರು ಬಂದ ದಿನ ಹಬ್ಬ, ಬಾರದ ದಿನ ಉಪವಾಸ. ಅಂಥಲ್ಲಿ ಕೂತು ನಾನು ಮರದ ದೋಣಿಗಳನ್ನು ಮಾಡುತ್ತೇನೆ. ಗೇಣುದ್ದದ್ದು, ಮೊಳದುದ್ದದ್ದು, ಕೈಗೆ ಬಂದ ಹಲಗೆ ಎಷ್ಟಿದ್ದರೆ ಅಷ್ಟು. ಮಾರುವುದಿಲ್ಲ. ಚೆನ್ನಾಗಿದೆ, ಒಂದು ಕೊಡಿ ಎಂದು ಯಾರಾದರೂ ಕೇಳಿದರೆ ಕೊಡುವುದೂ ಇಲ್ಲ. ಜಿಪುಣತನವಲ್ಲ. ಮಾಡಿದವನಿಗೆ ಅದರ ತಪ್ಪುಗಳು ಗೊತ್ತಿರುತ್ತವೆ, ನನ್ನ ತಪ್ಪು ಇನ್ನೊಬ್ಬರ ಶೋಕೇಸಿನಲ್ಲಿ ಕೂರುವುದು ನನಗೆ ಬೇಡ.

ನಾನು ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರಪದರವಾಗಿ ಹಾಸಿ, ಮೇಲೆ ರಟ್ಟಿನ ಪ್ಯಾಟರ್ನ್ ಇಟ್ಟು, ಗೆರೆ ಎಳೆದು ಮೆಷಿನ್ನಿನಿಂದ ಕತ್ತರಿಸುವುದು ಕೆಲಸ. ಆಮೇಲೆ ಅದನ್ನು ಯಾರು ಹೊಲಿಯುತ್ತಾರೆ, ಯಾರು ಒಗೆದು ಬಣ್ಣ ಕೀಳುತ್ತಾರೆ, ಯಾವ ಊರಿನ ಯಾರ ಸೊಂಟಕ್ಕೆ ಏರುತ್ತದೆ, ಯಾವುದೂ ನಮಗೆ ತಿಳಿಯುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ನಾನೇ ಮಾಡುವ ವಸ್ತು ಒಂದಾದರೂ ಇರಲಿ ಅನ್ನಿಸುತ್ತಿತ್ತು. ಹೊಸ ಹೊಲಿಗೆ ಮೆಷಿನ್‌ಗಳು ಬಂದ ಪೆಟ್ಟಿಗೆಗಳ ಹಲಗೆಗಳು ಯೂನಿಟ್ಟಿನ ಹಿಂದೆ ಬಿದ್ದಿದ್ದವು. ಮಾಲೀಕರನ್ನು ಕೇಳಿ ಮನೆಗೆ ತಂದೆ. ಹಗುರವಾದ, ಉಳಿಯ ಜೊತೆ ಜಗಳ ಮಾಡದ ಮರ.

ದೋಣಿಯೇ ಯಾಕೆ ಅಂದರೆ, ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಾಗ ನಾನು ಮೊದಲ ಸಲ ಹೊಳೆ ನೋಡಿದೆ. ಅಲ್ಲಿಯವರೆಗೆ ನಾನು ಕಂಡ ನೀರು ಬಾವಿಯದು, ಕಾಲುವೆಯದು. ತುಂಗಭದ್ರೆಯ ದಂಡೆಯಲ್ಲಿ ಒಂದು ದೋಣಿ ಹುಲ್ಲಿನ ಹೊರೆ ಹೊತ್ತು, ಯಾವ ಅವಸರವೂ ಇಲ್ಲದೆ ನೆಟ್ಟಗೆ ಆಚೆ ದಡಕ್ಕೆ ಹೋಯಿತು. ಬೀಗರ ಮನೆಯ ಊಟ ಏನಿತ್ತೆಂದು ಮರೆತಿದ್ದೇನೆ, ಅದು ಹೋದ ರೀತಿ ಮರೆತಿಲ್ಲ. ನಾನು ಮಾಡಿದ ದೋಣಿಯೊಂದು ಅದೇ ಹೊಳೆಯಲ್ಲಿ ಹಾಗೆ ನೆಟ್ಟಗೆ ಹೋಗಬೇಕು ಎಂಬುದಷ್ಟೇ ನನ್ನ ಆಸೆ.

ಮೊದಲನೆಯದು ಕೆಟ್ಟಿತು. ಪ್ಯಾಂಟು ಕತ್ತರಿಸುವವನಿಗೆ ಒಂದು ಚಟವಿರುತ್ತದೆ. ಅಳತೆ ಎಷ್ಟೇ ಇರಲಿ, ಸುತ್ತಲೂ ಅರ್ಧ ಇಂಚು ಹೆಚ್ಚಿಗೆ ಬಿಡುತ್ತಾನೆ. ಹೊಲಿಗೆಯೊಳಗೆ ಅಡಗುವ ಆ ಅಂಚಿಗೆ ಮಾರ್ಜಿನ್ ಅನ್ನುತ್ತೇವೆ. ನಾನು ಹಲಗೆಗೂ ಮಾರ್ಜಿನ್ ಬಿಟ್ಟೆ. ಎಡಕ್ಕೆ, ಬಲಕ್ಕೆ, ತಳಕ್ಕೆ, ಮೂತಿಗೆ. ಮರದಲ್ಲಿ ಹೊಲಿಗೆಯೊಳಗೆ ಹೋಗುವುದೇನೂ ಇಲ್ಲವೆಂದು ಅಂಟು ಹಚ್ಚುವಾಗ ಹೊಳೆಯಿತು. ಅಷ್ಟರಲ್ಲಿ ಎಲ್ಲಾ ಕತ್ತರಿಸಿ ಮುಗಿದಿತ್ತು. ಹೇಗೋ ಒಂದರ ಮೇಲೊಂದು ಏರಿಸಿ ಜೋಡಿಸಿದೆ. ಹೆಂಡತಿ ಬಂದು ನೋಡಿದಳು.

“ಎಮ್ಮಿಗೆ ಕಲಗಚ್ಚು ಹಾಕಾಕ ಚಲೋ ಆಗ್ತೈತ್ರಿ” ಅಂದಳು.

ನೀರಿನ ಡ್ರಮ್ಮಿನಲ್ಲಿ ಬಿಟ್ಟರೆ ಎಡಕ್ಕೆ ವಾಲಿತು. ಡ್ರಮ್ಮು ಇಟ್ಟ ನೆಲ ಸರಿಯಿಲ್ಲ ಅಂದೆ.

“ಕುಣಿಲಾರ್ದಾಕಿಗೆ ನೆಲ ಡೊಂಕಂತ. ನೀರು ಎಲ್ಲ್ಯಾರ ಡೊಂಕ್ ಇರ್ತೈತೇನ್ರಿ? ಮೊದ್ಲ ಅದನ್ನ ತಗೀರಿ, ಕುಡಿಯೋ ನೀರದು.”

ನಮ್ಮ ಮನೆಯಲ್ಲಿ ನ್ಯಾಯ ಹೀಗೆ ಬೇಗ ತೀರ್ಮಾನವಾಗುತ್ತದೆ.

ಆಮೇಲಿನ ದೋಣಿಗಳು ಸುಧಾರಿಸಿದವು. ಮಾರ್ಜಿನ್ ಬಿಡುವ ಚಟ ಮಾತ್ರ ಪೂರ್ತಿ ಹೋಗಲಿಲ್ಲ. ಅಂಚನ್ನು ಬೇಕಾದ್ದಕ್ಕಿಂತ ಒಂದು ಬೆರಳು ಎತ್ತರವಾಗಿಯೇ ಇಡುತ್ತಿದ್ದೆ. ವಾರ್ನಿಷ್ ಹಚ್ಚಿದ ಮೇಲೆ ನೆಲದ ಮೇಲಿಟ್ಟರೆ ಬಳ್ಳಾರಿಯ ಕೆಂಧೂಳು ಅಂಟುತ್ತದೆ. ಹಾಗಾಗಿ ಪಡಸಾಲೆಯ ತೊಲೆಗೆ ದಾರ ಕಟ್ಟಿ, ಎರಡು ಕುಣಿಕೆಗಳಲ್ಲಿ ದೋಣಿಯನ್ನು ಕೂರಿಸಿ ತೂಗುಬಿಡುತ್ತಿದ್ದೆ. ಒಣಗುವವರೆಗೆ ಫ್ಯಾನಿನ ಗಾಳಿಗೆ ಸಣ್ಣಗೆ ತೂಗುತ್ತಿದ್ದವು.

ಅಲ್ಲಿಗೆ ಬಂತು ಫಜೀತಿ. ನೋಡಿದವರ ಕಣ್ಣಿಗೆ ಅವು ದೋಣಿಗಳಾಗಿ ಕಾಣಲೇ ಇಲ್ಲ. ಹಾಲು ಹಾಕುವವನು, ಪಕ್ಕದ ಮನೆಯಾಕೆ, ಕರೆಂಟು ರೀಡಿಂಗಿಗೆ ಬಂದವನು, ಎಲ್ಲರೂ ಒಮ್ಮೆ ಮೇಲೆ ನೋಡಿ, ಒಮ್ಮೆ ನನ್ನ ಮುಖ ನೋಡಿ, ದನಿ ತಗ್ಗಿಸಿದರು. ನಮ್ಮ ಕಡೆ ಮಕ್ಕಳಾಗದ ಹೆಂಗಸರು ಸಣ್ಣ ಮರದ ತೊಟ್ಟಿಲು ಮಾಡಿಸಿ, ಅದರಲ್ಲಿ ಒಂದು ಗುಂಡುಕಲ್ಲನ್ನು ಕೂಸಿನಂತೆ ಮಲಗಿಸಿ, ಅಮ್ಮನ ಗುಡಿಯ ಮರಕ್ಕೆ ಹರಕೆ ಕಟ್ಟುತ್ತಾರೆ. ದೋಣಿ ಕಾಣದ ಊರಿನವರು ಏನೆಂದುಕೊಂಡಾರು! “ದೇವ್ರು ಕಣ್ಣ್ ಬಿಡ್ತಾನ ಬಿಡ್ರಿ” ಎಂದು ಹಾಲಿನವನು ಅಂದಾಗ ನನಗೆ ರೇಗಿತು. ನನ್ನ ವಯಸ್ಸಿನಲ್ಲಿ ದೇವರು ಕಣ್ಣು ಬಿಟ್ಟರೆ ಆಗುವುದು ನಗೆಪಾಟಲು.

ನಮಗೆ ಮಕ್ಕಳಿಲ್ಲ. ಇದನ್ನು ಬೇರೆ ಬಗೆಯಲ್ಲಿ ಹೇಳುವುದು ನನಗೆ ಬಾರದು. ಮದುವೆಯಾದ ಕೆಲವು ವರ್ಷಕ್ಕೆ ಹೆಂಡತಿ ಕುರುಗೋಡಿನ ಗುಡ್ಡದ ಬುಡದಲ್ಲಿರುವ ಅಮ್ಮನ ಬೇವಿನ ಮರಕ್ಕೆ ಅಂಗೈಯಷ್ಟು ದೊಡ್ಡ ತೊಟ್ಟಿಲು ಕಟ್ಟಿ ಬಂದಳು. ಅಲ್ಲಿಯ ಪದ್ಧತಿ ಹೀಗೆ: ಮಗುವಾದರೆ ತಾಯಿಯೇ ಬಂದು ಬಿಚ್ಚಬೇಕು, ಕಲ್ಲನ್ನು ಮನೆಗೆ ಒಯ್ಯಬೇಕು, ತೊಟ್ಟಿಲನ್ನು ಹೊಳೆಗೆ ಬಿಡಬೇಕು. ಆಗದಿದ್ದರೆ ಅದು ಅಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ಹೋಗಿ ಒಂದು ಸಲ ತೂಗಿ ಬರಬೇಕು. ಹೆಂಡತಿ ತಪ್ಪದೆ ಹೋಗುತ್ತಿದ್ದಳು. ಹಗ್ಗ ಸವೆದಾಗ ಬೇರೆ ಹಗ್ಗ ಹಾಕುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಚಹಾ ಕುಡಿಯುತ್ತಾ ಕಾಯುತ್ತಿದ್ದೆ. ನಂಬಿಕೆ ಇಲ್ಲ ಎನ್ನುವುದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನನಗೆ ಸುಮ್ಮನೆ ಇಲ್ಲ. ಅವಳು ಬಾ ಅನ್ನಲಿಲ್ಲ, ನಾನು ಬೇಡ ಅನ್ನಲಿಲ್ಲ.

ಅಕ್ಕನ ಮಗಳು ಸಿರುಗುಪ್ಪದಲ್ಲೇ ಇದ್ದಾಳೆ. ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದು ನಿಂತಾಗ ಬಳ್ಳಾರಿಯ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದು ನಮ್ಮಲ್ಲಿ ಇಳಿದುಕೊಂಡಳು. ಹುಷಾರಾಗಿರಬೇಕು ಎಂದಿದ್ದರಂತೆ ಡಾಕ್ಟರು. ಲೋಟ ಎತ್ತುವಾಗಲೂ ಒಂದು ಕೈ ಹೊಟ್ಟೆಯ ಮೇಲೆ ಇರುತ್ತಿತ್ತು.

ಆ ದಿನ ತೊಲೆಯಲ್ಲಿ ಒಂದೇ ದೋಣಿ ತೂಗುತ್ತಿತ್ತು. ಮೊಳದುದ್ದದ್ದು, ನಾನು ಮಾಡಿದ್ದರಲ್ಲೆಲ್ಲ ನೆಟ್ಟಗಿದ್ದದ್ದು. ಡ್ರಮ್ಮಿನಲ್ಲಿ ಅದು ಎತ್ತಲೂ ವಾಲಿರಲಿಲ್ಲ. ಮಳೆಗಾಲ ಮುಗಿದು ನೀರಿನ ರಭಸ ಇಳಿದ ಮೇಲೆ ಸಿರುಗುಪ್ಪಕ್ಕೆ ಒಯ್ಯಬೇಕೆಂದು ಎತ್ತಿಟ್ಟಿದ್ದೆ. ಅವಳು ಕೂತಲ್ಲಿಂದ ಅದನ್ನೇ ಬಹಳ ಹೊತ್ತು ನೋಡಿದಳು.

“ಮಾಮಾ, ಇದು ತೊಟ್ಲ ಯಾರಿಗ್ರಿ?”

“ತೊಟ್ಲಲ್ಲವ್ವ, ದೋಣಿ.”

“ತೊಟ್ಲ ಕಂಡಂಗ ಕಾಣಸ್ತೈತಿ. ನನಗ ಕೊಡ್ತೀರೇನ್ರಿ? ಕುರುಗೋಡಿಗೆ ಕಟ್ತೀನಿ” ಅಂದಳು.

ಅದು ತೇಲಬೇಕಾದ್ದು ತಾಯಿ, ತೂಗಬೇಕಾದ್ದಲ್ಲ ಎಂದು ಬಾಯಿಗೆ ಬಂದಿತ್ತು. ಅಂಗಡಿಯಲ್ಲಿ ಬೇಕಾದಷ್ಟು ತೊಟ್ಟಿಲು ಸಿಗುತ್ತವೆ, ಒಳ್ಳೆಯದೇ ಕೊಡಿಸುತ್ತೇನೆ ಅಂದೆ. ಅವಳು ತಲೆಯಾಡಿಸಿ ಮತ್ತೆ ಮೇಲೆ ನೋಡಿದಳು. ಒಳಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

“ಕೊಡ್ರಿ. ಹೆಂಗಿದ್ರೂ ಕೂಸ್ ಆದ್ರ ಹೊಳಿಗೇ ಬಿಡಬೇಕಲ್ಲ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?”

ಕೊಟ್ಟೆ. ಖುಷಿಯಿಂದ ಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ.

ತೊಟ್ಟಿಲಾಗಬೇಕಾದರೆ ಹಗ್ಗಕ್ಕೆ ನಾಲ್ಕು ತೂತು ಬೇಕು. ತಳದ ಹತ್ತಿರ ಕೊರೆದು, ಹಗ್ಗವನ್ನು ಅಡಿಯಿಂದ ಹಾಯಿಸುವುದು ರೂಢಿ. ಹಾಗೆ ಮಾಡಿದರೆ ಕಲ್ಲಿನ ಭಾರಕ್ಕೆ ಹಲಗೆ ಸೀಳುವುದಿಲ್ಲ. ನಾನು ಮಾರ್ಜಿನ್ ಬಿಟ್ಟಿದ್ದ ಆ ಮೇಲಂಚಿನಲ್ಲಿ ಕೊರೆದೆ.

“ಅಷ್ಟ್ ಮ್ಯಾಲ ಯಾಕ್ರಿ? ಸೀಳ್ತೈತಿ” ಅಂದಳು ಹೆಂಡತಿ.

“ಸೀಳಂಗಿಲ್ಲ. ನನ್ನ ಕೆಲಸ ನನಗ ಬಿಡು.”

ಅಕ್ಕನ ಮಗಳನ್ನು ಕರೆದುಕೊಂಡು ಕುರುಗೋಡಿಗೆ ಹೋದೆವು. ಅವರಿಬ್ಬರು ಗುಡಿಯ ಕಡೆ ನಡೆದರು, ನಾನು ಎಂದಿನಂತೆ ಬಸ್ ಸ್ಟ್ಯಾಂಡಿನಲ್ಲಿ ಉಳಿದೆ. ಈ ಸಲ ಚಹಾ ರುಚಿಸಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಫೋನ್ ಬಂದರೆ ಸಾಕು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನಾನು ಹೊಸ ದೋಣಿಗೆ ಕೈ ಹಾಕಲಿಲ್ಲ. ಹಲಗೆ ಇತ್ತು, ಬಿಡುವೂ ಇತ್ತು, ಮನಸ್ಸಿರಲಿಲ್ಲ. ಒಂದು ಬೆಳಿಗ್ಗೆ ಯೂನಿಟ್ಟಿನಲ್ಲಿ ಬಟ್ಟೆಯ ಲೇಯರ್ ಹಾಸುತ್ತಿದ್ದಾಗ ಹೆಂಡತಿಯ ಫೋನ್ ಬಂತು. ಹೆಣ್ಣು ಮಗು, ಇಬ್ಬರೂ ಆರಾಮ. ನಾನು ಆಯಿತು ಎಂದು ಹೇಳಿ ಫೋನಿಟ್ಟೆ. ಪ್ಯಾಟರ್ನನ್ನು ತಿರುವುಮುರುವಾಗಿ ಇಟ್ಟಿದ್ದನ್ನು ಪಕ್ಕದವನು ತೋರಿಸಬೇಕಾಯಿತು. ಅಷ್ಟು ಸಂತೋಷವಾಗಿತ್ತು ನನಗೆ.

ಕೂಸು ಕತ್ತು ನಿಲ್ಲಿಸಿದ ಮೇಲೆ ಹರಕೆ ಬಿಚ್ಚಲು ಹೊರಟೆವು. ಸಿರುಗುಪ್ಪದಿಂದ ಅವಳು, ಗಂಡ, ಕೂಸು ಕಾರಿನಲ್ಲಿ ಬಂದರು. ಕುರುಗೋಡಿನಲ್ಲಿ ನಾನೂ ಮರದವರೆಗೆ ಹೋದೆ. ದೋಣಿ ನೋಡಬೇಕಿತ್ತು, ಅಷ್ಟೇ. ಬೇವಿನ ಕೊಂಬೆಗಳಲ್ಲಿ ತೊಟ್ಟಿಲುಗಳು ಗಿಜಿಗಿಜಿ ಎನ್ನುತ್ತಿದ್ದವು. ಹೊಸವು ಹಳದಿ, ಹಳೆಯವು ಬೂದಿ ಬಣ್ಣ. ನನ್ನ ದೋಣಿ ಬಿಸಿಲಿಗೆ ಸ್ವಲ್ಪ ಕಪ್ಪಾಗಿತ್ತು, ಸೀಳಿರಲಿಲ್ಲ. ಅಕ್ಕನ ಮಗಳು ಅದನ್ನು ಬಿಚ್ಚಿ, ಒಳಗಿನ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಹೆಂಡತಿ ಆ ಕಡೆಯ ಕೊಂಬೆಯ ಕೆಳಗೆ ನಿಂತಿದ್ದಳು. ಅವಳ ತೊಟ್ಟಿಲನ್ನು ನಾನು ನೋಡಿದ್ದು ಅದೇ ಮೊದಲು. ಬಣ್ಣವೆಲ್ಲ ಹೋಗಿತ್ತು, ಹಗ್ಗ ಮಾತ್ರ ಹೊಸದು. ಒಂದು ಸಲ ತೂಗಿದಳು. ಆಮೇಲೆ, ಯಾರನ್ನೂ ಕೇಳದೆ, ಹಗ್ಗದ ಗಂಟಿಗೆ ಕೈ ಹಾಕಿದಳು. ಮಗುವಾಗದೆ ಬಿಚ್ಚುವಂತಿಲ್ಲ ಎಂಬುದು ಅಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು, ಯಾರೂ ತಡೆಯಲಿಲ್ಲ. ಗಂಟು ಬಿಗಿಯಾಗಿತ್ತು. ನನಗೆ ಹೋಗಿ ಬಿಚ್ಚಿಕೊಡಬೇಕು ಅನ್ನಿಸಿತು, ಹೋಗಲಿಲ್ಲ. ಅವಳೇ ಬಿಚ್ಚಿದಳು.

ಅಲ್ಲಿಂದ ಸಿರುಗುಪ್ಪಕ್ಕೆ ದಾರಿಯುದ್ದಕ್ಕೂ ಭತ್ತದ ಗದ್ದೆ. ಕಾರಿನಲ್ಲಿ ಕೂಸಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಹೊಳೆಯಲ್ಲಿ ನೀರು ನಾನು ಬಯಸಿದ ಹಾಗೇ ಇತ್ತು, ತುಂಬಿತ್ತು, ರಭಸವಿರಲಿಲ್ಲ. ಅಕ್ಕನ ಮಗಳು ದೋಣಿಗೆ ಅರಿಶಿನ ಕುಂಕುಮ ಹಚ್ಚಿದಳು. ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು, ಮೇಲಂಚಿನ ತೂತುಗಳ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿದಳು.

“ಅದಕ್ಕ ಮ್ಯಾಲ ಹಾಕಿದ್ರೇನು? ನೀರಿಗೆ ಬಿಟ್ರ ತೇಲಲಿ ಅಂತ?”

ನಾನು ಹೊಳೆ ನೋಡಿದೆ.

“ನಂಬಿಕಿಲ್ಲ ಅಂತೀರಿ. ಕೂಸಾಗಿ ಇದು ಹೊಳಿಗೆ ಬರ್ತೈತಿ ಅಂತ ಎಲ್ಲಾರಕಿಂತ ಮೊದ್ಲ ನಂಬಿದ್ದು ನೀವ.”

ಆಮೇಲೆ ಅವಳು ತನ್ನ ತೊಟ್ಟಿಲನ್ನು ದೋಣಿಯ ನಟ್ಟನಡುವೆ ಇಟ್ಟಳು. ಅದರಲ್ಲಿ ಗುಂಡುಕಲ್ಲು ಹಾಗೇ ಇತ್ತು.

“ಅತ್ತಿ, ಕಲ್ಲ್ ತಗೀರಿ” ಅಂದಳು ಅಕ್ಕನ ಮಗಳು.

“ನಾ ಅದನ್ನ ಯಾವ ಮನಿಗೆ ಒಯ್ಲಿ? ಅದರಾಗ ಇರ್ಲಿ ಬಿಡು.”

ಮೊಣಕಾಲುದ್ದ ನೀರಿಗೆ ಇಳಿದು ದೋಣಿ ಬಿಟ್ಟವನು ನಾನು. ಕೈ ತೆಗೆದಾಗ ಅದು ಸ್ವಲ್ಪ ಇಳಿಯಿತು, ನಿಂತಿತು, ಸೆಳವು ಸಿಕ್ಕೊಡನೆ ಹೊರಟಿತು. ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಅಕ್ಕನ ಮದುವೆಯ ವರ್ಷ ಕಂಡ ದೋಣಿ ಹೋದ ಹಾಗೇ ನೆಟ್ಟಗೆ ಹೋಯಿತು. ನಾನು ನೋಡುತ್ತಿದ್ದದ್ದು ಮಾತ್ರ ಆ ನಾಲ್ಕು ತೂತುಗಳನ್ನು. ನೀರು ಅವುಗಳ ಕೆಳತುಟಿಯವರೆಗೆ ಬಂದಿತ್ತು. ಕಲ್ಲನ್ನು ಮನೆಗೆ ಒಯ್ಯುತ್ತಾರೆ, ದೋಣಿ ಖಾಲಿ ಹೋಗುತ್ತದೆ ಎಂದು ಲೆಕ್ಕ ಹಾಕಿ ಕೊರೆದವನು ನಾನು. ನನ್ನ ಹೆಂಡತಿಯ ಕಲ್ಲಿಗೆಂದು ಒಂದು ಎಳೆಯಷ್ಟೂ ಮಾರ್ಜಿನ್ ಬಿಟ್ಟಿರಲಿಲ್ಲ. ಅವಳದೂ ಒಂದು ಭಾರವಿದೆ ಎಂಬುದು ನನ್ನ ಅಳತೆಯಲ್ಲಿ ಬಂದೇ ಇರಲಿಲ್ಲ.

ಸಣ್ಣ ಅಲೆಯೊಂದು ಬಂತು. ಹೊಳೆಯ ನಡುವೆ ದೋಣಿಯ ಮೂತಿ ತಗ್ಗಿತು.

ನಾನು ದಡಕ್ಕೆ ಬಂದಾಗ ಹೆಂಡತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. “ಮುಳುಗಿತೇನ್ರಿ?” ಅಂದಳು.

“ಇಲ್ಲ. ಹೊಂಟೈತಿ.”

“ಸುಳ್ಳ್ ಯಾಕ ಹೇಳ್ತೀರಿ? ನನಗೂ ಕಣ್ಣದಾವ. ಮುಳುಗ್ಲಿ ಬಿಡ್ರಿ. ಇಷ್ಟ್ ವರ್ಷ ತೂಗಿದೆ. ಕೈ ಸೋತಿದ್ವು.”

ಕೂಸು ಅಳಲು ಶುರು ಮಾಡಿತು. ಅವಳು ಅದನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಬೆನ್ನು ತಟ್ಟುತ್ತಾ ಕಾರಿನ ಕಡೆ ನಡೆದಳು.